ಮೊಣಕೈಗೆ ತಿಕ್ಕಿದ ಕುಳಂಬು

ತನಗೊಂದು ಮೊಣಕೈ ಇದೆಯೆಂದು ಮನುಷ್ಯನಿಗೆ ಗೊತ್ತಾಗುವುದು ಅದು ನೋಯಲು ಶುರುವಾದ ಮೇಲೆಯೇ. ಹೊಟ್ಟೆನೋವಿಗಿರುವ ಮರ್ಯಾದೆಯೂ ಅದಕ್ಕಿಲ್ಲ. ಹೊಟ್ಟೆನೋವೆಂದರೆ ಗಂಜಿ ಮಾಡಿಕೊಡುತ್ತಾರೆ, ಮೊಣಕೈ ನೋವೆಂದರೆ, "ಇನ್ನೊಂದು ಕೈ ಇದೆಯಲ್ಲ!" ಎನ್ನುತ್ತಾರೆ. ಮಾನಂದವಾಡಿಯ ಹತ್ತಿರ ನಮ್ಮ ತೋಟದಲ್ಲಿ ಕಾಫಿ ಹಣ್ಣಾಗುವ ಹೊತ್ತಿಗೆ ಸರಿಯಾಗಿ ನನ್ನ ಬಲ ಮೊಣಕೈ ಹಟ ಹಿಡಿಯಿತು. ಕೊಯ್ದ ಹಣ್ಣನ್ನು ಅಂದೇ ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸದಿದ್ದರೆ ಹುಳಿತು ವರ್ಷದ ದುಡಿಮೆಯೇ ಹಾಳು. ಆ ಯಂತ್ರವನ್ನೋ ಕೈಯಲ್ಲೇ ತಿರುಗಿಸಬೇಕು. ಅಪ್ಪನ ಕಾಲದ್ದೆಂದು ಅದರ ಹಿಡಿಯನ್ನು ನಾನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ತಿರುಗಿಸಿದಾಗಲೆಲ್ಲ ಅದೊಮ್ಮೆ ಕಿರುಚುತ್ತಿತ್ತು, ನಾನೊಮ್ಮೆ.

ಡಾಕ್ಟರು ಮೊಣಕೈ ಒತ್ತಿ, ನನ್ನಿಂದ ಒಂದು ರಾಗ ಹೊರಡಿಸಿ, ಸ್ನಾಯು ಎಲುಬಿಗೆ ಅಂಟುವ ಜಾಗ ದಣಿದಿದೆ ಎಂದರು. ತಿರುಗಿಸುವ ಕೆಲಸ ನಿಲ್ಲಿಸಬೇಕು, ಪಟ್ಟಿ ಕಟ್ಟಬೇಕು, ಸುತ್ತಿಗೆ ಹಿಡಿದು ಕೈಯನ್ನು ನಿಧಾನವಾಗಿ ಆಚೀಚೆ ಹೊರಳಿಸಬೇಕು. ಮೊದಲನೆಯದನ್ನು ಬಿಟ್ಟು ಉಳಿದದ್ದನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದೆ. ಸಾಲದ್ದಕ್ಕೆ ಪೇಟೆಯ ವೈದ್ಯರ ಕುಳಂಬೆಂಬ ಗಟ್ಟಿ ಎಣ್ಣೆಯನ್ನೂ ಬಾಟಲಿಗಟ್ಟಲೆ ತಿಕ್ಕಿಕೊಂಡೆ.

ಕಾಲ ಬೇರೆ ಸರಿಯಿರಲಿಲ್ಲ. ಭೂಮಿ ಯಾರದೆಂದು ಗೋಡೆಗೋಡೆಯ ಬರಹವೂ ಕೇಳುತ್ತಿತ್ತು. ನಕ್ಸಲರನ್ನು ಹುಡುಕುತ್ತ ಪೊಲೀಸ್ ಜೀಪು ದಿನಾ ಓಡಾಡುತ್ತಿತ್ತು. ಒಂದು ಬೆಳಿಗ್ಗೆ ನಾನು ಜಗಲಿಯಲ್ಲಿ ಕಾಡಿನ ಕಡೆ ಮುಖ ಮಾಡಿ ಸುತ್ತಿಗೆ ಹೊರಳಿಸುತ್ತಿದ್ದಾಗ ಆ ಜೀಪು ಗಕ್ಕನೆ ನಿಂತಿತು.

"ಎಂತ ಗೌಡರೇ, ಕಾಡಿನವರಿಗೆ ಸಿಗ್ನಲಾ?" ಎಂದರು ಇನ್ಸ್‌ಪೆಕ್ಟರು.

ಡಾಕ್ಟರ ಚೀಟಿ ತೋರಿಸಿದೆ. ಆ ಅಕ್ಷರ ನೋಡಿ ಅವರ ಅನುಮಾನ ಇನ್ನಷ್ಟು ಬಲವಾಯಿತು. ಹೆದರಿಕೆಯಲ್ಲಿ ಮೊಣಕೈ ನೋವು ಮರೆತೇಹೋಯಿತು; ಈ ಚಿಕಿತ್ಸೆಯನ್ನು ಡಾಕ್ಟರು ಹೇಳಿರಲಿಲ್ಲ. ಅಷ್ಟರಲ್ಲಿ ನನ್ನ ಹೆಂಡತಿ ಪದ್ಮಾವತಿ ಒಳಗಿನಿಂದ ಬಂದಳು.

"ಇವರಾ ಸಾರ್ ಭೂಮಿ ಹಂಚುವವರು? ಪಲ್ಪರಿನ ಹಿಡಿಯನ್ನೇ ಹೆಂಡತಿ ಕೈಗೆ ಕೊಡುವವರಲ್ಲ!"

ಜೀಪಿಗೆ ಜೀಪೇ ನಕ್ಕಿತು. "ಚೇಚಿ ಹೇಳಿದ್ದು ಸರಿ," ಎಂದು ಅವಳನ್ನು ಅಕ್ಕ ಮಾಡಿಕೊಂಡು ಇನ್ಸ್‌ಪೆಕ್ಟರು ಹೊರಟರು. ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಅಂದು ಮಧ್ಯಾಹ್ನ ಹಿಡಿಯನ್ನು ಅವಳಿಗೆ ಬಿಟ್ಟುಕೊಟ್ಟೆ.

ಅವಳು ಎರಡು ಸುತ್ತು ತಿರುಗಿಸಿ ನಿಲ್ಲಿಸಿದಳು. ಒಳಗೆ ಹೋಗಿ ನನ್ನ ಕುಳಂಬಿನ ಬಾಟಲಿ ತಂದು ಯಂತ್ರದ ಅಚ್ಚಿಗೆ ಸುರಿದಳು. ಕಿರುಚಾಟ ನಿಂತಿತು. ಹಿಡಿ ಬೆಣ್ಣೆಯಂತೆ ತಿರುಗಿ, ಸಂಜೆಯೊಳಗೆ ಅಷ್ಟೂ ಹಣ್ಣು ಮುಗಿಯಿತು. ಔಷಧಿ ಸರಿಯಾದದ್ದೇ, ನಾನು ತಿಕ್ಕಿದ ಜಾಗ ತಪ್ಪಾಗಿತ್ತು ಅಷ್ಟೆ.

ಮುಂದಿನ ಕೊಯ್ಲಿಗೆ ನನ್ನ ಮೊಣಕೈ ಪೂರಾ ಗುಣವಾಗಿತ್ತು. ಹಿಡಿ ಕೊಡು ಎಂದು ಕೈ ಚಾಚಿದೆ.

"ಉಳುವವರಿಗೇ ಭೂಮಿ ಅಂತ ಗೋಡೆಯಲ್ಲಿ ಬರೆದದ್ದು ನೋಡಿಲ್ವಾ?" ಎಂದಳು, ಹಿಡಿ ತಿರುಗಿಸುತ್ತಲೇ.

ನನ್ನ ಪಾಲಿಗೆ ಬಂದದ್ದು ಸುತ್ತಿಗೆ.