ಕಾರಿನ ಕಾವು, ಹೊಟ್ಟೆಯ ಕಿಚ್ಚು

ನಮ್ಮ ಕಾರಿನ ಎಂಜಿನ್ನನ್ನು ಇನ್ನು ಮುಂದೆ ನನ್ನ ಕೈಯಲ್ಲದೆ ಬೇರೆ ಯಾವ ನರಪಿಳ್ಳೆಯ ಕೈಯೂ ಮುಟ್ಟಕೂಡದೆಂದು ನಾನು ಘೋರ ಪ್ರತಿಜ್ಞೆ ಮಾಡಿದ್ದು ಒಂದು ಭಾನುವಾರ, ಬಾಯ್ತುಂಬ ಪೇಸ್ಟ್ ಇಟ್ಟುಕೊಂಡು. ಇದಕ್ಕೆ ಕಾರಣ ಕಾರಲ್ಲ, ನನ್ನ ಷಡ್ಡಕ!

ಹೆಂಡತಿಯ ಅಕ್ಕನ ಗಂಡನಾದ ಈ ಮಹಾನುಭಾವ ಮುಟ್ಟಿದ್ದೆಲ್ಲ ರಿಪೇರಿಯಾಗುತ್ತದೆಂಬುದು ನನ್ನವಳ ದೃಢ ನಂಬಿಕೆ. ನಲ್ಲಿ ಸೋರಿದರೆ ಭಾವ, ಬಾಗಿಲು ಕಿರುಗುಟ್ಟಿದರೆ ಭಾವ. ಮದುವೆಯಾದಾಗಿನಿಂದ ಈ ಭಾವಗೀತೆ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು.

ಹಿಂದಿನ ದಿನ ಮಾರ್ಕೆಟ್ಟಿನಿಂದ ಬರುವಾಗ ಶಾಖ ತೋರಿಸುವ ಮುಳ್ಳು ಕೆಂಪು ಗೆರೆಗೇರಿ, ಬಾನೆಟ್ಟಿನೊಳಗಿಂದ ಹಬೆ ಎದ್ದಿತು. ಹೆಂಡತಿ ಹಬೆಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ; ಸೀದಾ ಫೋನ್ ತೆಗೆದಳು.

"ಭಾವನಿಗೆ ಒಂದು ಮಾತು ಹೇಳಿಬಿಡ್ತೀನಿ. ಅವರು ಸದ್ದು ಕೇಳಿಯೇ ರೋಗ ಹೇಳ್ತಾರೆ."

"ನಾನೇನು ಕಿವುಡನಾ? ನಾಳೆ ನಾನೇ ಮಾಡ್ತೀನಿ."

ಅವಳು ಫೋನನ್ನು ಪರ್ಸಿಗೆ ಹಾಕಿದಳು. ಪರ್ಸಿನ ಜಿಪ್ ಮಾತ್ರ ಎಳೆಯಲಿಲ್ಲ.

ಭಾನುವಾರ ವಿಡಿಯೋ ನೋಡಿ ಅಪರಾಧಿಯನ್ನು ಪತ್ತೆಹಚ್ಚಿದೆ: ಥರ್ಮೋಸ್ಟಾಟ್. ಎಂಜಿನ್ ಬಿಸಿಯಾದಾಗ ತೆರೆದುಕೊಂಡು ನೀರನ್ನು ರೇಡಿಯೇಟರಿಗೆ ಬಿಡಬೇಕಾದ ಪುಟ್ಟ ಬಾಗಿಲು ಅದು. ಬಿಚ್ಚಿ ತಂದು, ಹಾಲಿನ ಪಾತ್ರೆಯಲ್ಲಿ ನೀರು ಕುದಿಸಿ ಮುಳುಗಿಸಿದೆ. ಹೆಂಡತಿ ಬಂದು ಇಣುಕಿದಳು.

"ಏನು ಬೇಯಿಸ್ತಿದ್ದೀರಿ?"

"ಥರ್ಮೋಸ್ಟಾಟು."

"ಉಪ್ಪು ಹಾಕಿದ್ದೀರಾ?"

ಭಾವ ಬೇಯಿಸಿದ್ದರೆ ಪಕ್ಕದಲ್ಲಿ ನಿಂತು ಸೌಟು ಕೊಡುತ್ತಿದ್ದಳು! ಅಷ್ಟರಲ್ಲಿ ಆ ಹಾಳು ಬಾಗಿಲು ಲಕ್ಷಣವಾಗಿ ತೆರೆದುಕೊಂಡಿತು. ನಿರಪರಾಧಿಯನ್ನು ಕುದಿಯುವ ನೀರಿಗೆ ಹಾಕಿದ ಪಾಪ ನನ್ನ ತಲೆಗೆ ಬಂತು. ತಿರುಗಿ ಕೂರಿಸಿ, ರಬ್ಬರ್ ಪೈಪು ಸಿಕ್ಕಿಸಿ, ಎಂಜಿನ್ ತಣ್ಣಗಿಡುವ ಹಸಿರು ಕೂಲೆಂಟ್ ತುಂಬಿಸಿ, ಕಾರು ಶುರು ಮಾಡಿದೆ. ಮುಳ್ಳು ಮತ್ತೆ ಏರಿತು. ತಪ್ಪು ರೇಡಿಯೇಟರಿಗೆ ಗಾಳಿ ಬೀಸುವ ಫ್ಯಾನಿನ ಸುಟ್ಟ ಫ್ಯೂಸಿನದು ಎಂದು ಆಮೇಲೆ ಮೆಕ್ಯಾನಿಕ್ ಹೇಳಿದ. ಅಂದು ನಾನು ಅದರತ್ತ ತಿರುಗಿಯೂ ನೋಡಿರಲಿಲ್ಲ. ಪೈಪಿನ ಕ್ಲಿಪ್ ಬಿಗಿಯುವುದನ್ನೂ ಮರೆತಿದ್ದೆ. ಬಾನೆಟ್ಟಿನ ಹತ್ತಿರ ಬರುವಷ್ಟರಲ್ಲಿ ಪೈಪು ಕಿತ್ತು, ಹಸಿರು ಕಾರಂಜಿ ಚಿಮ್ಮಿತು. ಪಕ್ಕಕ್ಕೆ ಹಾರಿದೆ. ಹಾರಿದವನು ಬಟ್ಟೆಯ ಹಗ್ಗಕ್ಕೆ ಸಿಕ್ಕಿ, ಒಗೆದು ಹರವಿದ್ದ ಹೊದಿಕೆಗಳ ಸಮೇತ ಆ ಹಸಿರು ಕೊಚ್ಚೆಯಲ್ಲೇ ಅಂಗಾತ ಬಿದ್ದೆ.

ಎಂಜಿನ್ ಆರಿಸಲು ಹೆಂಡತಿ ಓಡಿಬಂದಳು. ಅದೇ ಹೊತ್ತಿಗೆ ಗೇಟು ತೆರೆದು ಷಡ್ಡಕನೂ ಅತ್ತಿಗೆಯೂ ಒಳಗೆ ಬಂದರು. ಥರ್ಮೋಸ್ಟಾಟ್ ಬೇಯುವಾಗಲೇ ಇವಳು ಫೋನ್ ಮಾಡಿಯಾಗಿತ್ತು.

ಷಡ್ಡಕ ಗಂಭೀರವಾಗಿ ಎಂಜಿನ್ ನೋಡಿದ. ಇನ್ನೊಮ್ಮೆ ನೋಡಿದ. ಆಮೇಲೆ ನನ್ನನ್ನು ಕಾರಿನ ಹಿಂದಕ್ಕೆ ಕರೆದು, ಪಿಸುಗುಟ್ಟಿದ.

"ಮೆಕ್ಯಾನಿಕ್ಕಿಗೆ ಫೋನ್ ಮಾಡಿಬಿಡಿ. ನನಗೊಂದೂ ತಿಳೀತಿಲ್ಲ."

"ಎಲ್ಲ ರಿಪೇರಿ ಮಾಡ್ತೀರಂತಲ್ಲ?"

"ಬಿಚ್ಚೋದು ಬರುತ್ತೆ. ನಮ್ಮ ಮನೇಲಿ ಈಗ ಕರೆಗಂಟೆ ಒತ್ತಿದರೆ ಬಚ್ಚಲಿನ ದೀಪ ಹತ್ತುತ್ತೆ. ನಿಜ ಹೇಳ್ತೀನಿ, ನಿಮ್ಮನ್ನ ಕಂಡ್ರೆ ನನಗೆ ಹೊಟ್ಟೆ ಉರಿಯುತ್ತೆ."

"ನನ್ನ ಕಂಡ್ರಾ?"

"ಇವಳು ದಿನಾ ನಿಮ್ಮ ಗುಣಗಾನ ಮಾಡ್ತಾಳೆ. 'ನನ್ನ ತಂಗಿ ಪುಣ್ಯವಂತೆ. ಅವಳ ಗಂಡನ್ನ ನೋಡಿ ಕಲೀರಿ, ಬಾರದ ಕೆಲಸಕ್ಕೆ ಕೈಯೇ ಹಾಕಲ್ಲ' ಅಂತ."

ನನ್ನ ಎದೆ ಒಂದು ಗೇಣು ಉಬ್ಬಿತು. ಇಷ್ಟು ವರ್ಷ ಇನ್ನೊಂದು ಮನೆಯಲ್ಲಿ ನಾನೇ ಭಾವಗೀತೆಯಾಗಿದ್ದೆ! ಕೀರ್ತಿಯನ್ನು ಕಣ್ಣಾರೆ ಕಾಣೋಣವೆಂದು ಅತ್ತಿಗೆಯ ಕಡೆ ತಿರುಗಿದೆ.

ಮೆಟ್ಟಿಲ ಮೇಲೆ ನಿಂತಿದ್ದ ಆಕೆ ಹಸಿರು ನೀರು ತೊಟ್ಟಿಕ್ಕುತ್ತಿದ್ದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಂಗಿಯ ಕೈ ಹಿಡಿದುಕೊಂಡು ಕೇಳಿದರು:

"ಅಯ್ಯೋ ಪಾಪ, ನಿಮ್ಮನೆಯವರೂ ಶುರು ಮಾಡಿಕೊಂಡ್ರೇನೇ?"