ತಟ್ಟೆಯಲ್ಲಿ ಉಳಿದ ಸ್ಪ್ರಿಂಗ್

ದೋಣಿಯ ಹಳೇ ಮೋಟಾರನ್ನು ಬಿಚ್ಚಿ, ಉಜ್ಜಿ, ಮತ್ತೆ ಜೋಡಿಸಿ ಮುಗಿಸಿದ ಲೈಬ್ರರಿಯನ್ ಕಿಟಕಿಯ ಮೇಲಿದ್ದ ತಟ್ಟೆ ನೋಡಿ ಎದೆ ಹಿಡಿದುಕೊಂಡ. ಒಂದು ಸ್ಪ್ರಿಂಗ್ ಉಳಿದಿತ್ತು! ಕಾಳಿನಷ್ಟು ಗಾತ್ರ, ಬೆಟ್ಟದಷ್ಟು ತಲೆನೋವು.

"ಸಂಜೆಗೆ ಮೋಟಾರು ಓಡ್ಬೇಕು. ಇಲ್ಲಾ, ಗುಜರಿಯವನ ಗಾಡಿ ಹತ್ಬೇಕು. ಅವನಿಗೆ ಹೇಳಿ ಕಳಿಸಿದ್ದೀನಿ," ಎಂದು ಹೆಂಡತಿ ಬೆಳಿಗ್ಗೆಯೇ ತೀರ್ಪು ಕೊಟ್ಟಿದ್ದಳು. ನಾಲ್ಕು ವರ್ಷದಿಂದ ಆ ಮೋಟಾರು ಶುರುವಾದ ಕೂಡಲೇ ಕೆಮ್ಮಿ ಸಾಯುತ್ತಿತ್ತು. ಹುಟ್ಟು ಹಾಕಿ ಹಾಕಿ ಅವನ ಹೆಗಲು ಬಿದ್ದುಹೋಗಿತ್ತು. ನಾಳೆ ಭಾನುವಾರ ಮಕ್ಕಳನ್ನು ಕೆರೆಯ ಆಚೆ ದಡಕ್ಕೆ ಕರೆದೊಯ್ಯುವ ಮಾತು ಬೇರೆ ಕೊಟ್ಟಿದ್ದ.

"ಏನ್ರೀ, ಹೆರಿಗೆ ಆಯ್ತಾ?" ಪಕ್ಕದ ಮನೆಯ ಹಲ್ಲಿನ ಡಾಕ್ಟರು ಕಾಂಪೌಂಡಿನ ಮೇಲಿಂದ ಬಗ್ಗಿದರು.

"ಆಯ್ತು. ಒಂದು ಕಿವಿ ಹೊರಗೇ ಉಳೀತು."

"ಅಷ್ಟಕ್ಕೆಲ್ಲ ಹೆದರ್ತಾರೇನಯ್ಯಾ? ನಾನು ಒಂದ್ಸಲ ಬ್ರೇಕೇ ಉಳಿಸಿದ್ದೆ!" ಎನ್ನುತ್ತ ಇನ್ನೊಂದು ಕಡೆಯಿಂದ ಬಂದವರು, ಬೀದಿಯವರೆಲ್ಲ ಮಾವ ಎಂದು ಕರೆಯುವ ನಿವೃತ್ತ ಲಾರಿ ಡ್ರೈವರ್.

ಅಂಗಳದಲ್ಲಿ ಮೋಟಾರು, ಬಟ್ಟೆ ಒಗೆಯುವ ನೀರಿನ ಡ್ರಮ್ಮಿನ ಅಂಚಿಗೆ ನೇತುಬಿದ್ದು, ನೀರಿಗೆ ಕಾಲು ಬಿಟ್ಟು ಕೂತಿತ್ತು.

"ಬಿಡಿ, ಎಳೆಯೋದು ನನ್ನ ಕಸುಬು," ಎಂದು ಡಾಕ್ಟರು ಮೋಟಾರು ಶುರುಮಾಡುವ ಹಗ್ಗ ಹಿಡಿದು ದವಡೆ ಹಲ್ಲು ಕಿತ್ತಂತೆ ಜಗ್ಗಿದರು. ಹಿಡಿಕೆ ಕಿತ್ತು ಬಂತು. ಡಾಕ್ಟರು ಹೂವಿನ ಕುಂಡದಲ್ಲಿ ಕೂತರು. ಹಗ್ಗಕ್ಕೆ ಗಂಟು ಹಾಕಿ ಮತ್ತೆ ಎಳೆದಾಗ ಮೋಟಾರು ಭೋರ್ಗರೆಯಿತು. ಸಂಭ್ರಮದಲ್ಲಿ ಮಾವನ ಹೊಟ್ಟೆ ಗೇರಿಗೆ ತಗುಲಿ, ನೀರೊಳಗಿನ ಫ್ಯಾನು ತಿರುಗಿತು. ಡ್ರಮ್ಮಿನ ನೀರೆಲ್ಲ ಕಾರಂಜಿಯಾಗಿ ಎದ್ದು, ಒಣಹಾಕಿದ್ದ ಬಟ್ಟೆಗಳಿಗೂ ಮೂವರ ತಲೆಗೂ ಕರೀ ಅಭಿಷೇಕವಾಯಿತು. ಆಮೇಲೆ ಎಂದಿನಂತೆ ಕೆಮ್ಮು, ಸಾವು.

ಮಾವ ಕಣ್ಣೊರೆಸಿಕೊಂಡು ಬಗ್ಗಿ ನೋಡಿದರು. "ಅಯ್ಯೋ, ಕಾರ್ಬ್ಯುರೇಟರ್ ಸ್ಕ್ರೂ ಅದುರಿ ಅದುರಿ ತಾನಾಗೇ ಸಡಿಲ ಆಗ್ತಿದೆ! ಇದರ ಕೆಳಗೆ ಒಂದು ಸ್ಪ್ರಿಂಗ್ ಇರ್ಬೇಕಿತ್ತಲ್ಲಯ್ಯಾ..."

ಮೂವರೂ ತಟ್ಟೆಯ ಕಡೆ ತಿರುಗಿದರು.

ಸ್ಪ್ರಿಂಗು ತವರಿಗೆ ಬಂದ ಮಗಳಂತೆ ಹಾಯಾಗಿ ಕೂತಿತು. ಡ್ರಮ್ ತುಂಬಿಸಿ ಎಳೆದರು. ಮೋಟಾರು ಓಡಿತು. ಕೆಮ್ಮಲಿಲ್ಲ, ಸಾಯಲಿಲ್ಲ, ಓಡುತ್ತಲೇ ಇತ್ತು! ಡಾಕ್ಟರೂ ಮಾವನೂ ಕೈ ಕೈ ಹಿಡಿದು ಕುಣಿದರು.

ಹೆಂಡತಿ ಹೊರಗೆ ಬಂದಳು. "ರೀ, ನನ್ನ ಹೊಲಿಗೆ ಮೆಷಿನ್ ಸ್ಪ್ರಿಂಗ್ ಎಲ್ಲಿ? ಎಣ್ಣೆ ಬಿಡೋಕೆ ಬಿಚ್ಚಿ, ಈ ಕಿಟಕಿ ಮೇಲಿದ್ದ ತಟ್ಟೇಲಿ ಹಾಕಿದ್ದೆ."

ಲೈಬ್ರರಿಯನ್ ಮೋಟಾರನ್ನು ನಿಲ್ಲಿಸಿದ. "ಹೊಲಿಗೆ ಮೆಷಿನ್‌ದು ಇಲ್ಲಿಗೆ ಇಷ್ಟು ಸರಿಯಾಗಿ ಹೇಗೆ ಕೂತ್ಕೊಳ್ತು?"

ಅವಳು ಆಕಾಶ ನೋಡಿದಳು. "ಅದು... ಮೊದ್ಲು ಅಲ್ಲೇ ಇದ್ದಿದ್ದು. ನಾಲ್ಕು ವರ್ಷದ ಹಿಂದೆ ನನ್ನದು ಮುರೀತು. ನಿಮ್ಮ ಮೋಟಾರಲ್ಲಿ ಅಷ್ಟೊಂದು ಸಾಮಾನಿತ್ತಲ್ಲ, ಒಂದು ತೊಗೊಂಡೆ."

"ಅಂದ್ರೆ, ನಾಲ್ಕು ವರ್ಷ ನಾನು ಹುಟ್ಟು ಹಾಕಿದ್ದು..."

"ಈಗ ಬಿಚ್ಚಿ ಕೊಡಿ. ನಾಳೆ ಬೆಳಿಗ್ಗೆ ನರ್ಸುಗಳ ಯೂನಿಫಾರಂ ಕೊಡ್ಬೇಕು, ಹೊಸ ಸ್ಪ್ರಿಂಗ್ ತರೋಣ ಅಂದ್ರೆ ಅಂಗಡಿ ಇನ್ನು ತೆಗೆಯೋದು ಸೋಮವಾರ. ನೀವಾದ್ರೆ ಕೈಯಲ್ಲಿ ಹುಟ್ಟು ಹಾಕ್ಬಹುದು, ನಾನು ಅಷ್ಟನ್ನೂ ಕೈಯಲ್ಲಿ ಹೊಲಿಯೋಕಾಗುತ್ತಾ?"

"ಆದ್ರೆ ಅದು ಓಡ್ತಲ್ಲೇ!"

"ಸಂಜೆಗೆ ಓಡ್ಬೇಕು ಅಂದಿದ್ದೆ. ಸಂಜೆ ಇನ್ನೂ ಆಗಿಲ್ಲ."

ಡಾಕ್ಟರೂ ಮಾವನೂ ಸದ್ದಿಲ್ಲದೆ ಜಾರಿಕೊಂಡರು. ಸ್ಪ್ರಿಂಗು ಗಂಡನ ಮನೆಗೆ ಮರಳಿತು.

ಸಂಜೆ ಗುಜರಿಯವನು ಗೇಟಿನ ಹತ್ತಿರ ಗಾಡಿ ನಿಲ್ಲಿಸಿದ. ಒಳಗಿನಿಂದ ಹೊಲಿಗೆ ಮೆಷಿನ್ನಿನ ಟರ್ರ್ ಟರ್ರ್ ಸದ್ದು ಒಂದೇ ಸಮನೆ ಬರುತ್ತಿತ್ತು. ಅವನು ಕಿವಿಗೊಟ್ಟು ಕೇಳಿ ತಲೆದೂಗಿದ.

"ಮೋಟಾರು ಇಷ್ಟು ಚೆನ್ನಾಗಿ ಓಡ್ತಾ ಇದೆಯಲ್ಲ ಸ್ವಾಮಿ! ಇದನ್ನ ಯಾರಾದ್ರೂ ಗುಜರಿಗೆ ಹಾಕ್ತಾರಾ?"