ನನ್ನ ಹೆಂಡತಿಯನ್ನು ಪ್ರಶ್ನೆ ಕೇಳಿದ ಪ್ರೋಗ್ರಾಮಿಗೆ

ಶಿರಾಳಕೊಪ್ಪ, ಜುಲೈ 1998

ತೆರಿಗೆ ಲೆಕ್ಕದ ಕಂಪ್ಯೂಟರ್ ಪ್ರೋಗ್ರಾಮ್ ಅವರ ಸನ್ನಿಧಾನಕ್ಕೆ,
ಶಿಕಾರಿಪುರ.

ಮಾನ್ಯರೇ,

ಬಸ್ ನಿಲ್ದಾಣದ ಎದುರಿನ ಸ್ಟೀಲ್ ಪಾತ್ರೆ ಅಂಗಡಿಯ ಮಾಲೀಕನೆಂದು ಮೊನ್ನೆಯವರೆಗೂ ಊರೆಲ್ಲ ಕರೆಯುತ್ತಿದ್ದ ತೋಟಪ್ಪನ ಅನಂತ ನಮಸ್ಕಾರಗಳು. ಇಲಿಗಳು ತಮ್ಮ ವೈರು ಕಡಿಯದೆ, ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ.

ತಮ್ಮೊಳಗೆ ಎರಡು ದಾರಿಗಳಿವೆ ಎಂಬುದು ನನಗೆ ಗೊತ್ತಿರಲಿಲ್ಲ. ತೆರಿಗೆ ಸಲಹೆಗಾರರಾದ ಶೇಷಪ್ಪನವರು ಪ್ರತಿವರ್ಷ ಮೊದಲನೆಯದರಲ್ಲೇ ಹೋಗುತ್ತಿದ್ದರು: ನಾನು ಅಂಕಿ ಹೇಳುವುದು, ಅವರು ಅದನ್ನು ನೇರವಾಗಿ ಒತ್ತುವುದು, ತಾವು ತುಟಿಪಿಟಕ್ಕೆನ್ನದೆ ಕೂಡಿಸಿ ಕೊಡುವುದು. ಎಂಥ ಸಂಭಾವಿತ ಯಂತ್ರವೆಂದು ನಾಲ್ಕು ಜನರ ಮುಂದೆ ತಮ್ಮನ್ನು ಹೊಗಳಿದ್ದೂ ಉಂಟು. ಈ ಸಲ ಶೇಷಪ್ಪನವರು ಮಗಳ ಸೀಮಂತಕ್ಕೆಂದು ಸೊರಬಕ್ಕೆ ಹೋಗಿದ್ದರು. ಅವರ ಕಚೇರಿಯ ಆಪರೇಟರ್ ಸಬಿಹಾ, "ನನಗೆ ಕಲಿಸಿರೋದು ಪ್ರಶ್ನೋತ್ತರದ ದಾರಿ ಅಂಕಲ್, ಇದು ಕೇಳಿದ್ದಕ್ಕೆ ಉತ್ರ ಹೇಳ್ತಾ ಹೋದ್ರಾಯ್ತು" ಎಂದಳು. ಕಣ್ಣಿನ ಡಾಕ್ಟರಿಗೆ ತೋರಿಸಲೆಂದು ಜೊತೆಗೆ ಬಂದಿದ್ದ ನನ್ನ ಧರ್ಮಪತ್ನಿ ಮಹಾದೇವಮ್ಮ ಪಕ್ಕದ ಬೆಂಚಿನ ಮೇಲೆ ಕೂತಿದ್ದಳು. ನನ್ನ ಗ್ರಹಚಾರ ಅಲ್ಲಿಂದ ಶುರುವಾಯಿತು.

ತಾವು ಇಂಗ್ಲಿಷಿನಲ್ಲಿ ಕೇಳಿದಿರಿ, ಸಬಿಹಾ ಕನ್ನಡಕ್ಕೆ ತಂದಳು: "ಅಂಗ್ಡಿಗೆ ಹಾಕಿದ ಬಂಡವಾಳ ಗಂಡಂದೋ ಹೆಂಡ್ತೀದೋ ಅಂತ ಕೇಳ್ತೈತೆ." ಹೆಂಡತಿಯ ಹೆಸರಿನಲ್ಲಿ ತಂತಮ್ಮ ಆದಾಯ ಅಡಗಿಸುವ ಗಂಡಂದಿರನ್ನು ಹಿಡಿಯಲು ತಾವು ಒಡ್ಡಿದ ಬಲೆಯಂತೆ ಅದು, ಅದರಲ್ಲಿ ಸಿಕ್ಕಿಬಿದ್ದವನು ನಾನು, ಅದೂ ತಲೆಕೆಳಗಾಗಿ. ನಾನು ಬಾಯಿ ತೆರೆಯುವಷ್ಟರಲ್ಲಿ ಮಹಾದೇವಮ್ಮ, "ತವರಿನ ಪಾಟ್ಲಿ ಮಾರಿ ನಾನು ಹಾಕಿದ್ದು ತಾಯಿ" ಎಂದಳು. ಲೈಸೆನ್ಸು ಯಾರ ಹೆಸರಿನಲ್ಲಿದೆ ಎಂದಿರಿ. ಅದೂ ಅವಳದೇ, ಆಗ ನಾನು ಸೊಸೈಟಿ ನೌಕರಿಯಲ್ಲಿದ್ದೆನಲ್ಲ. ವ್ಯಾಪಾರ ನೋಡಿಕೊಳ್ಳುವವರು ಯಾರು ಎಂದಿರಿ. "ಬಾಗ್ಲು ತೆಗೆಯೋದು, ಸರಕು ಇಳಿಸ್ಕೊಳ್ಳೋದು, ತೂಗಿ ಕೊಡೋದು ಎಲ್ಲಾ ನಾನೇ. ಇವ್ರು ಬಿಸ್ಲೇರಿದ ಮೇಲೆ ಬಂದು ಪೇಪರ್ ಓದ್ತಾರೆ."

"ಪೇಪರ್ ಓದೋದನ್ನ ಬರೆಯೋಕೆ ಇದ್ರಲ್ಲಿ ಜಾಗ ಇಲ್ಲ ಅಮ್ಮಾ" ಎಂದು ಸಬಿಹಾ ಮುಂದಿನ ಪ್ರಶ್ನೆಗೆ ಹೋದಳು.

ಕಾದು ಕೂತಿದ್ದವರೆಲ್ಲ ನಕ್ಕರು. ಮಹಾದೇವಮ್ಮ ನಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ಇಷ್ಟು ವರ್ಷದಾಗೆ ಇದನ್ನ ಯಾರೂ ನನ್ನ ಕೇಳಿರ್ಲಿಲ್ಲವ್ವ" ಎಂದಳು. ಅದು ಡಾಕ್ಟರು ಹಾಕಿದ ಔಷಧಿಯ ಉರಿಯೆಂದು ನೆರೆದವರಿಗೆ ನಾನು ವಿವರಿಸಿದೆ. ಡಾಕ್ಟರ ಬಳಿಗೆ ನಾವಿನ್ನೂ ಹೋಗಿರಲಿಲ್ಲ.

ಕೊನೆಗೆ ತಮ್ಮ ಪ್ರಿಂಟರು ಕಿರಗುಟ್ಟುತ್ತ ಅವಳ ಹೆಸರಿನ ರಿಟರ್ನನ್ನೇ ಹೊರಹಾಕಿತು. ನನ್ನ ಆದಾಯದ ಜಾಗದಲ್ಲಿ ತಾವು ದಯಪಾಲಿಸಿದ್ದು ದುಂಡನೆಯ ಒಂದು ಸೊನ್ನೆ. "ಹಳೇ ಥರ ಅಂಕಿ ನೇರವಾಗಿ ಹಾಕಿಬಿಡಮ್ಮ, ನನ್ನ ಹೆಸರಲ್ಲೇ" ಎಂದು ಅಂಗಲಾಚಿದೆ. "ಅಮ್ಮಾರು ಹೂಂ ಅಂದ್ರೆ ಹಾಕ್ತೀನಿ ಅಂಕಲ್" ಎಂದಳು ಆ ಹುಡುಗಿ. ಅಮ್ಮಾರು ನನ್ನ ಮುಖ ನೋಡಿದರು, ಪೆನ್ನು ಇಸಿದುಕೊಂಡರು, ಒಂದೊಂದೇ ಅಕ್ಷರ ಬಿಡಿಸಿ ಸಹಿ ಹಾಕಿದರು. ಮರುದಿನದಿಂದ ಗಲ್ಲಾಪೆಟ್ಟಿಗೆಯ ಮುಂದಿನ ಕುರ್ಚಿ ಅವರದು. ಅಟ್ಟದಿಂದ ಕೊಳಗ ಇಳಿಸಿ ಕೊಡುವ ಕೆಲಸ ನನ್ನದು.

ತಮ್ಮ ಜಾಣತನಕ್ಕೆ ಸಾಷ್ಟಾಂಗ ನಮಸ್ಕಾರ ಹಾಕಿ ಬೇಡಿಕೊಳ್ಳುವುದಿಷ್ಟೆ. ಮುಂದಿನ ವರ್ಷ ಪಕ್ಕದ ಬೆಂಚಿನಲ್ಲಿ ಹೆಂಡತಿ ಕೂತಿದ್ದರೆ ತಾವು ದಯವಿಟ್ಟು ಕೆಟ್ಟು ನಿಲ್ಲಬೇಕು. ಅದು ಆಗದಿದ್ದರೆ, ಹಳೆಯ ಯಂತ್ರಗಳಿಗೆ ಸವಕಳಿ ಕಳೆಯುವಂತೆ ಗಂಡಸಿನ ಗತ್ತಿಗೂ ವರ್ಷಾವರಿ ಸವಕಳಿ ಕಳೆಯಲು ಒಂದು ಚೌಕ ತೆರೆಯಬೇಕು. ನನ್ನದು ಒಂದೇ ಮಧ್ಯಾಹ್ನದಲ್ಲಿ ಪೂರ್ತಿ ಸವೆದಿದೆ.

ಬೇರೆ ಗತಿಯಿಲ್ಲದೆ ತಮ್ಮ ವಿಶ್ವಾಸಿಯಾಗಿ ಉಳಿದಿರುವ,
ತೋಟಪ್ಪ

ತಾ.ಕ.: ಈ ಪತ್ರವನ್ನು ಅಂಗಡಿಯ ಲೆಟರ್‌ಹೆಡ್ಡಿನಲ್ಲಿ ಬರೆಯಲು ಮಾಲೀಕರ ಅನುಮತಿ ಕೇಳಿದೆ. "ಬರೀರಿ, ಆದ್ರೆ ಮೇಲಿರೋ ಹೆಸ್ರು ಹೊಡ್ದು ನಂದು ಹಾಕ್ರಿ" ಎಂದರು. ಹಾಕಿದ್ದೇನೆ. ಗೆರೆ ಸೊಟ್ಟಗಾಗಿದ್ದರೆ ತಾವು ನಗಬಾರದು. ಕೊಳಗ ಇಳಿಸಿದ್ದು ಬಿಟ್ಟರೆ ಅಂಗಡಿಯಲ್ಲಿ ನಾನು ಕೈಯಾರೆ ಮಾಡಿದ ಮೊದಲ ಕೆಲಸ ಅದೇ ಎಂದು ಮಾಲೀಕರು ಈಗಾಗಲೇ ನಕ್ಕಿದ್ದಾರೆ.